ಗದಿಗೆವ್ವನ ಒಂದು ರೂಪಾಯಿ ನಷ್ಟ

ಗದಿಗೆವ್ವ ತನ್ನ ನಲವತ್ತೊಂಬತ್ತು ವರ್ಷದ ಬಾಳಿನಲ್ಲಿ ಯಾರ ಮನೆಯ ಪಾತ್ರೆಯನ್ನೂ ಖಾಲಿ ವಾಪಸು ಕೊಟ್ಟವಳಲ್ಲ. ಪಕ್ಕದ ಮನೆಯವರು ಒಂದು ಬಟ್ಟಲು ಸಾರು ಕೊಟ್ಟರೆ ಬಟ್ಟಲು ತೊಳೆದು, ಒರೆಸಿ, ಅದರಲ್ಲಿ ಒಂದು ಹಿಡಿ ಶೇಂಗಾ ಹಾಕಿಯೇ ಕಳಿಸುವಳು. ಶೇಂಗಾ ಇಲ್ಲದಿದ್ದರೆ ಬೆಲ್ಲದ ಚೂರು, ಬೆಲ್ಲವೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೊಸದೇನಲ್ಲ, ಎಲ್ಲ ಮನೆಗಳಲ್ಲೂ ಇರುವ ರೂಢಿಯೇ. ಆದರೆ ಗದಿಗೆವ್ವನ ವಿಷಯದಲ್ಲಿ ಅದು ರೂಢಿಯ ಎಲ್ಲೆ ದಾಟಿ ಹೋಗಿತ್ತು. ಇಸ್ತ್ರಿಯವನ ಬಟ್ಟೆಚೀಲವನ್ನು ತಿರುಗಿ ಕೊಡುವಾಗ ಅದರಲ್ಲಿ ಎರಡು ಬಾಳೆಹಣ್ಣು ಇಟ್ಟು ಕಳಿಸಿದವಳು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ಈ ಗುಣ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳಬೇಡಿ. 2006ರ ಜುಲೈ ತಿಂಗಳಲ್ಲಿ ಈ ಗುಣ ದಿಲ್ಲಿಯವರೆಗೆ ಹೋಗಿ ಗದ್ದಲ ಎಬ್ಬಿಸಿತು ಎಂಬುದಷ್ಟೇ ನನಗೆ ಗೊತ್ತು.

ಅವಳಿಗೆ ಈ ಪಾಠ ಕಲಿಸಿದವರು ಇಬ್ಬರು. ಒಬ್ಬಳು ಹೆತ್ತವ್ವ, ಇನ್ನೊಬ್ಬಳು ಮೈಮುನಾಬಿ. ಮೈಮುನಾಬಿಯ ಮನೆ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ, ಗದಿಗೆವ್ವನ ತವರಿಗೆ ಎದುರಾಗಿಯೇ ಇತ್ತು. ಅಂಗಳ ದೊಡ್ಡದು. ಸುಗ್ಗಿ ಬಂತೆಂದರೆ ಆ ಅಂಗಳದ ತುಂಬ ಕೆಂಪು ರಾಶಿ ಬೀಳುತ್ತಿತ್ತು, ಓಣಿಯ ಹೆಂಗಸರೆಲ್ಲ ಮೂಗಿಗೆ ಸೆರಗು ಕಟ್ಟಿಕೊಂಡು ಕೂತು ತೊಟ್ಟು ಬಿಡಿಸುತ್ತಿದ್ದರು. ಗದಿಗೆವ್ವ ಎಂಟು ವರ್ಷದವಳಿದ್ದಾಗಲೇ ಅವ್ವನ ಪಕ್ಕ ಕೂತು ತೊಟ್ಟು ಬಿಡಿಸಿದಳು, ಉರಿಯುವ ಕೈಯಲ್ಲೇ ಪಾಟಿ ಹಿಡಿದು ಶಾಲೆಗೂ ಹೋದಳು. ಮೈಮುನಾಬಿಯ ಮಗ ಯೂಸುಫಸಾಬ ಒಂದನೇ ಇಯತ್ತೆಯಿಂದ ಅವಳ ಜೊತೆಗೇ ಕಲಿತವನು. ಎರಡೂ ಮನೆಗಳ ನಡುವೆ ಒಂದು ಹಿತ್ತಾಳೆಯ ಡಬ್ಬಿ ಓಡಾಡುತ್ತಿತ್ತು. ಮೂಲದಲ್ಲಿ ಅದು ಯಾರ ಮನೆಯದೆಂದು ಈಗ ಯಾರಿಗೂ ನೆನಪಿಲ್ಲ. ರಂಜಾನಿಗೆ ಅದರಲ್ಲಿ ಹಾಲು ಶಾವಿಗೆಯ ಸುರಕುಂಬಾ ಬರುವುದು, ನಾಗರ ಪಂಚಮಿಗೆ ಶೇಂಗಾ ಉಂಡಿ ಹೋಗುವುದು, ನಡುವೆ ಉಪ್ಪಿನಕಾಯಿ, ಚಟ್ನಿಪುಡಿ, ಹೀಗೆ ಏನಾದರೊಂದು. ಗದಿಗೆವ್ವ ಮದುವೆಯಾಗಿ ಊರಿನಲ್ಲೇ ಬೇರೆ ಓಣಿಗೆ ಹೋದ ಮೇಲೂ ಆ ಓಡಾಟ ನಿಲ್ಲಲಿಲ್ಲ. ನಲವತ್ತು ವರ್ಷದಲ್ಲಿ ಒಮ್ಮೆಯೂ ಅದು ಖಾಲಿಯಾಗಿ ಓಣಿ ದಾಟಿದ್ದಿಲ್ಲ.

ಗದಿಗೆವ್ವನ ಗಂಡ ಗಿರಿಯಪ್ಪ ರಾಣೆಬೆನ್ನೂರಿನ ಒಂದು ವಿಮಾ ಕಂಪನಿಯ ಬ್ರಾಂಚಿನಲ್ಲಿ ಜವಾನನಾಗಿದ್ದ. ಒಳ್ಳೆಯ ಮನುಷ್ಯ, ಆದರೆ ಆಯುಷ್ಯ ಗಟ್ಟಿ ಇರಲಿಲ್ಲ. ಅವನು ಕಾಮಾಲೆಯಲ್ಲಿ ಹೋದಾಗ ಕಂಪನಿ ಅವನ ಕೆಲಸವನ್ನು ಅವಳಿಗೆ ಕೊಟ್ಟಿತು. ಮೊದಲ ವರ್ಷ ನೀರು ಕೊಟ್ಟಳು, ಟಪಾಲು ಒಯ್ದಳು. ಆಮೇಲೆ ಫೈಲು ಹೊಲಿಯುವುದನ್ನು ಕಲಿತಳು, ಆಮೇಲೆ ಫೈಲಿನ ಒಳಗೆ ಏನಿದೆ ಎಂದು ಓದುವುದನ್ನೂ ಕಲಿತಳು. ಹದಿನಾಲ್ಕು ವರ್ಷದಲ್ಲಿ ರೆಕಾರ್ಡ್ ಕ್ಲಾರ್ಕ್ ಆದಳು. ಬೆಳಗಿನ ಪ್ಯಾಸೆಂಜರ್ ರೈಲಿಗೆ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ, ಸಂಜೆಯ ರೈಲಿಗೆ ತಿರುಗಿ ಬ್ಯಾಡಗಿಗೆ. ಹೋದ ಚಳಿಗಾಲದಲ್ಲಿ ಅಸಿಸ್ಟೆಂಟ್ ಹುದ್ದೆಯ ಪರೀಕ್ಷೆಯನ್ನೂ ಪಾಸು ಮಾಡಿಬಿಟ್ಟಳು. ಬಡ್ತಿಯ ಯಾದಿಯಲ್ಲಿ ಅವಳದು ಎರಡನೆಯ ಹೆಸರು, ಸೆಪ್ಟೆಂಬರಿನಲ್ಲಿ ಆದೇಶ ಬರುವುದಿತ್ತು. ಅಸಿಸ್ಟೆಂಟ್ ಆದವರಿಗೆ ಕಿಟಕಿಯ ಪಕ್ಕದ ಟೇಬಲ್ಲು. ಅಲ್ಲಿಂದ ರೈಲು ಬರುವುದು ಕಾಣುತ್ತದೆ. ಗದಿಗೆವ್ವನಿಗೆ ಬಡ್ತಿಯ ಮೇಲೆ ಇದ್ದಷ್ಟೇ ಆಸೆ ಆ ಕಿಟಕಿಯ ಮೇಲೂ ಇತ್ತು, ಅದನ್ನು ಅವಳು ಮುಚ್ಚಿಡುತ್ತಿರಲಿಲ್ಲ.

ಬ್ರಾಂಚಿಗೆ ಬರುವ ವ್ಯಾಪಾರದಲ್ಲಿ ಅರ್ಧದಷ್ಟು ಬ್ಯಾಡಗಿಯದೇ. ಕೋಲ್ಡ್ ಸ್ಟೋರೇಜುಗಳು, ಮೆಣಸಿನಕಾಯಿ ದಲಾಲರ ಗೋದಾಮುಗಳು, ಖಾರ ಕುಟ್ಟುವ ಗಿರಣಿಗಳು. ಎಲ್ಲರೂ ಬೆಂಕಿಗೆ ವಿಮೆ ಮಾಡಿಸುವವರೇ. ಕೆಲವು ವರ್ಷಗಳಿಂದ ಅದರ ಜೊತೆಗೆ ಇನ್ನೊಂದು ಬಾಲ ಸೇರಿಕೊಂಡಿತ್ತು. ಭಯೋತ್ಪಾದನೆಯಿಂದ ಆಗುವ ನಷ್ಟಕ್ಕೂ ವಿಮೆ. ಸಾಲ ಕೊಟ್ಟ ಬ್ಯಾಂಕುಗಳು ಅದು ಬೇಕೇ ಬೇಕು ಎನ್ನುತ್ತಿದ್ದವು, ದಲಾಲರು ಗೊಣಗುತ್ತಲೇ ಕಟ್ಟುತ್ತಿದ್ದರು.

“ಅಲ್ರಿ ಅಕ್ಕಾರ, ನಮ್ಮ ಕೋಲ್ಡ್ ಸ್ಟೋರೇಜಿಗೆ ಬಾಂಬ್ ಇಡಾಕ ಯಾರ ಬರ್ತಾರ?” ಎಂದು ಕೇಳಿದ್ದ ಒಬ್ಬ. “ಬಂದ್ರೂ ಗೇಟಿನ್ಯಾಗ ಸೀನಿ ಸೀನಿ ಸುಸ್ತಾಗಿ, ಒಂದ ಕಪ್ ಚಾ ಕುಡದು ತಿರುಗಿ ಹೋಗ್ತಾನ.”

ಹೀಗೆ ದೇಶದ ತುಂಬ ಕಟ್ಟಿಸಿಕೊಂಡ ಈ ವಿಮೆಯಲ್ಲಿ ಎಲ್ಲಿ ಎಷ್ಟು ನಷ್ಟವಾಯಿತು ಎಂದು ದಿಲ್ಲಿಯ ಸರಕಾರ ಎಲ್ಲ ಕಂಪನಿಗಳಿಂದಲೂ ಲೆಕ್ಕ ತರಿಸಿಕೊಳ್ಳುತ್ತಿತ್ತು. ಮೂರು ತಿಂಗಳಿಗೊಮ್ಮೆ ಪ್ರತಿ ಬ್ರಾಂಚಿಗೂ ಒಂದು ಫಾರ್ಮು ಬರುವುದು. ಬ್ರಾಂಚಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಬೆಂಗಳೂರು, ಬೆಂಗಳೂರಿನಿಂದ ಮೇಲೆ. ರಾಣೆಬೆನ್ನೂರಿನಲ್ಲಿ ಈ ಫಾರ್ಮು ತುಂಬುತ್ತಿದ್ದ ಪ್ರವೀಣಕುಮಾರನಿಗೆ ಜೂನಿನಲ್ಲಿ ವರ್ಗವಾಯಿತು. ಮ್ಯಾನೇಜರ್ ಶಶಿಕಾಂತ ಆ ಫಾರ್ಮನ್ನು ಗದಿಗೆವ್ವನ ಟೇಬಲ್ಲಿನ ಮೇಲೆ ಇಟ್ಟ. ಶಶಿಕಾಂತನಿಗೆ ಮೂವತ್ತೆರಡು ವರ್ಷ, ಹಾವೇರಿಯವನು, ಸ್ಕೂಟರಿನ ಮೇಲೆ ಇದ್ದಷ್ಟು ಹೊತ್ತು ಕುರ್ಚಿಯ ಮೇಲೆ ಇರುತ್ತಿರಲಿಲ್ಲ.

“ಅಕ್ಕಾರ, ಇದೊಂದ ತುಂಬಿಬಿಡ್ರಿ. ಎಷ್ಟು ಪಾಲಿಸಿ, ಎಷ್ಟು ಪ್ರೀಮಿಯಂ, ಅಷ್ಟ ಬರೀರಿ. ನಷ್ಟದ ಕಾಲಮ್ಮಿನ್ಯಾಗ ಏನೂ ಇಲ್ಲ ಅಂತ ಹಾಕ್ರಿ. ನಾ ಹಾವೇರಿಗೆ ಮೀಟಿಂಗಿಗೆ ಹೊಂಟೇನಿ, ಹೋಗೂದ್ರಾಗ ಸಹಿ ಮಾಡ್ತೇನಿ, ಲಗೂ ಮಾಡ್ರಿ” ಎಂದ.

ಗದಿಗೆವ್ವ ಕನ್ನಡಕ ಹಾಕಿಕೊಂಡು ಕೂತಳು. ಹತ್ತು ಕಾಲಮ್ಮುಗಳನ್ನು ರಜಿಸ್ಟರು ನೋಡಿ ಒಂದೂ ತಪ್ಪಿಲ್ಲದೆ ತುಂಬಿದಳು. ಹನ್ನೊಂದನೆಯದು ನಷ್ಟದ ಕಾಲಮ್ಮು. ಅಲ್ಲಿ ಅವಳ ಪೆನ್ನು ನಿಂತಿತು. ಎಲ್ಲೋ ದಿಲ್ಲಿಯಲ್ಲಿ ಕೂತ ಸರಕಾರ, ರಾಣೆಬೆನ್ನೂರನ್ನು ನೆನಪಿಟ್ಟುಕೊಂಡು, ಅಚ್ಚು ಹಾಕಿಸಿದ ಕಾಗದ ಕಳಿಸಿ ನಿಮ್ಮದೇನು ಎಂದು ಕೇಳಿದೆ. ಅದಕ್ಕೆ ಏನೂ ಇಲ್ಲ ಎಂದು ಬರೆದು ಕಳಿಸುವುದೆಂದರೆ ತೊಳೆದ ಪಾತ್ರೆಯನ್ನು ಬೋರಲು ಹಾಕಿ ಕೈಗೆ ಕೊಟ್ಟ ಹಾಗೆ ಎಂದು ಅವಳಿಗೆ ಅನ್ನಿಸಿತು. ಮನಸ್ಸು ಒಪ್ಪಲಿಲ್ಲ. ಅತ್ತ ಇತ್ತ ನೋಡಿ, ಆ ಕಾಲಮ್ಮಿನಲ್ಲಿ ದುಂಡಗೆ ಒಂದು ಎಂದು ಅಂಕಿ ಬರೆದಳು. ಒಂದು ರೂಪಾಯಿ. ಶುಭಕ್ಕಿರಲಿ.

ನಷ್ಟದ ಕಾಲಮ್ಮಿನಲ್ಲಿ ಒಂದು ರೂಪಾಯಿ ಬರೆದರೆ ಒಂದು ರೂಪಾಯಿ ನಷ್ಟವಾಯಿತೆಂದೇ ಅರ್ಥ, ಅಷ್ಟೂ ಅವಳಿಗೆ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ತಿಳಿಯಿತು. ಸುಳ್ಳು ಬರೆಯುವ ಹೆಂಗಸಲ್ಲ ಅವಳು. ಅದಕ್ಕೇ ತನ್ನ ಕೈಚೀಲದಿಂದ ಒಂದು ರೂಪಾಯಿಯ ನಾಣ್ಯ ತೆಗೆದು, ಸಣ್ಣ ಲಕೋಟೆಯಲ್ಲಿ ಹಾಕಿ, “ನಷ್ಟದ ಬಾಬ್ತು, ಗದಿಗೆವ್ವ” ಎಂದು ಬರೆದು ಫೈಲಿಗೆ ಹೊಲಿದುಬಿಟ್ಟಳು. ಈಗ ನಷ್ಟ ಖರೆಯಾಯಿತು, ಅದೂ ತನ್ನದೇ ಆಯಿತು, ಬೇರೆ ಯಾರಿಗೂ ತೊಂದರೆಯಿಲ್ಲ. ಫಾರ್ಮಿನ ಮೇಲ್ಮೂಲೆಯಲ್ಲಿ, ಇರುವೆಯ ಸಾಲಿನಷ್ಟು ಸಣ್ಣ ಇಂಗ್ಲಿಷಿನಲ್ಲಿ, ಇಲ್ಲಿನ ಮೊತ್ತಗಳೆಲ್ಲ ಲಕ್ಷ ರೂಪಾಯಿಗಳಲ್ಲಿ ಎಂದು ಅಚ್ಚಾಗಿತ್ತು. ಪ್ರೀಮಿಯಂ ಅಂಕಿಗಳನ್ನು ರಜಿಸ್ಟರಿನಲ್ಲೇ ಲಕ್ಷಕ್ಕೆ ಇಳಿಸಿ ಇಡುವ ಪದ್ಧತಿ ಇದ್ದುದರಿಂದ ಅವಳು ಆ ಮೂಲೆಯನ್ನು ನೋಡಬೇಕಾದ ಪ್ರಸಂಗವೇ ಬರಲಿಲ್ಲ. ಶಶಿಕಾಂತ ಹೆಲ್ಮೆಟ್ ಹಾಕಿಕೊಂಡೇ ಸಹಿ ಮಾಡಿ ಮೆಟ್ಟಿಲಿಳಿದ.

ಅದು ಜುಲೈ ಹತ್ತು. ಮರುದಿನ ಸಂಜೆ ಮುಂಬೈಯ ಲೋಕಲ್ ರೈಲುಗಳಲ್ಲಿ ಬಾಂಬುಗಳು ಸಿಡಿದವು. ಟೀವಿ ನೋಡುತ್ತ ಗದಿಗೆವ್ವ ಅತ್ತಳು. ದಿನಾ ರೈಲಿನಲ್ಲಿ ಓಡಾಡುವವಳು, ಆ ಚದುರಿದ ಊಟದ ಡಬ್ಬಿಗಳನ್ನು ನೋಡಲಾರದೆ ಟೀವಿ ಆರಿಸಿದಳು. ಆ ವಾರವೆಲ್ಲ ಊರಿನಲ್ಲಿ ಅದೇ ಮಾತು. ದಿಲ್ಲಿಯಲ್ಲೂ ಅದೇ ಮಾತು. ಮೂರು ತಿಂಗಳಿಗೊಮ್ಮೆ ಬಂದು ಕಪಾಟು ಸೇರುತ್ತಿದ್ದ ಫಾರ್ಮುಗಳನ್ನು ಈ ಸಲ ಎಲ್ಲರೂ ಬಿಚ್ಚಿ ನೋಡಿದರು.

ಇಪ್ಪತ್ತೈದನೇ ತಾರೀಖು ಹುಬ್ಬಳ್ಳಿಯಿಂದ ಫ್ಯಾಕ್ಸು ಬಂತು. ಶಶಿಕಾಂತ ಅದನ್ನು ನಿಂತೇ ಓದಿದ, ಆಮೇಲೆ ಕೂತು ಓದಿದ. ರಾಜ್ಯದಲ್ಲಿ ಉಳಿದ ಎಲ್ಲ ಬ್ರಾಂಚುಗಳಿಂದ ಬಂದದ್ದು ಸೊನ್ನೆ. ರಾಣೆಬೆನ್ನೂರಿನಿಂದ ಮಾತ್ರ ಭಯೋತ್ಪಾದನೆಯ ನಷ್ಟ ಒಂದು ಲಕ್ಷ ರೂಪಾಯಿ. ಘಟನೆ ಎಲ್ಲಿ ಆಯಿತು, ಯಾವಾಗ ಆಯಿತು, ಪಾಲಿಸಿ ಯಾರ ಹೆಸರಿನಲ್ಲಿದೆ, ಪೊಲೀಸರು ಏನು ಬರೆದುಕೊಂಡಿದ್ದಾರೆ, ಏಳು ದಿನದೊಳಗೆ ತಿಳಿಸಬೇಕು.

“ಅಕ್ಕಾರ,” ಎಂದ ಶಶಿಕಾಂತ, ದನಿ ಅರ್ಧವಾಗಿತ್ತು, “ಬ್ಯಾಡಗ್ಯಾಗ ಏನರ ಆಗೇತೇನ್ರಿ, ನನಗ ಗೊತ್ತಿಲ್ದಂಗ?”

ಗದಿಗೆವ್ವ ಫೈಲು ತಂದಳು. ತಾನು ಬರೆದ ಒಂದರ ಅಂಕಿ ತೋರಿಸಿದಳು, ಲಕೋಟೆ ತೋರಿಸಿದಳು, ನಾಣ್ಯವನ್ನೂ ಅಲ್ಲಾಡಿಸಿ ಕೇಳಿಸಿದಳು. ಶಶಿಕಾಂತ ಫಾರ್ಮಿನ ಮೇಲ್ಮೂಲೆಯ ಮೇಲೆ ಬೆರಳಿಟ್ಟ. ಅವಳು ಕನ್ನಡಕ ಒರೆಸಿಕೊಂಡು ಓದಿದಳು.

“ಯವ್ವಾ! ಒಂದ ರೂಪಾಯಿ ಬರದಿದ್ನೆಲ್ರಿ ಸಾಹೇಬ್ರ! ಖಾಲಿ ಕಳಸಬಾರ್ದು ಅಂತ!”

“ಸರಕಾರಕ್ಕ ಯಾರ್ರಿ ಉಡಿ ತುಂಬತಾರ!” ಎಂದು ಶಶಿಕಾಂತ ತಲೆಗೆ ಕೈ ಹಚ್ಚಿದ.

ಬೈಯಬೇಕೆಂದರೂ ಅವನಿಗೆ ಬೈಯಲಾಗಲಿಲ್ಲ, ಕೆಳಗೆ ಸಹಿ ತನ್ನದೇ. ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು ಅರ್ಧ ತಾಸು ಹಳೆಯ ಫೈಲುಗಳನ್ನು ತಿರುವಿದ. ಆಮೇಲೆ ಒಂದು ಫೈಲು ಹಿಡಿದುಕೊಂಡು ಹೊರಗೆ ಬಂದ, ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಅದು ಯೂಸುಫಸಾಬನ ಗಿರಣಿಯ ಫೈಲು. ಮೇ ತಿಂಗಳಲ್ಲಿ ಗಿರಣಿಯ ಮೋಟರು ಸುಟ್ಟು, ಪಕ್ಕದ ಮೆಣಸಿನಕಾಯಿ ಚೀಲಗಳಿಗೆ ಬೆಂಕಿ ತಗಲಿತ್ತು. ಆ ದಿನ ಅರ್ಧ ಬ್ಯಾಡಗಿ ಕೆಮ್ಮಿತ್ತು. ವೈರಿನ ದೋಷ ಎಂದು ಸರ್ವೇಯರು ಬರೆದುಕೊಟ್ಟು, ತೊಂಬತ್ತೆಂಟು ಸಾವಿರ ಪರಿಹಾರ ಕೊಟ್ಟು ಫೈಲು ಮುಚ್ಚಿಯಾಗಿತ್ತು.

“ನೋಡ್ರಿ ಅಕ್ಕಾರ, ಹೆಚ್ಚೂ ಕಡಿಮಿ ಒಂದು ಲಕ್ಷ. ಅದ ಮೂರು ತಿಂಗಳಾಗ ಆಗೇತಿ. ಅವರ ಪಾಲಿಸಿಗೆ ಭಯೋತ್ಪಾದನೆದ ಬಾಲನೂ ಐತಿ. ಯಾರೋ ಬೇಕಂತ ಬೆಂಕಿ ಹಚ್ಚಿರಬಹುದು ಅಂತ ಸಂಶೆ ಇತ್ತು, ಅದಕ್ಕ ಆ ಕಾಲಮ್ಮಿನ್ಯಾಗ ಹಾಕಿದ್ವಿ ಅಂತ ಒಂದ ಸಾಲು ಬರದ್ರ ಮುಗೀತು. ನಷ್ಟ ಆದಾವ ಯೂಸುಫಸಾಬ, ಅವನ ಮ್ಯಾಲೇನೂ ಬರಂಗಿಲ್ಲ. ರೊಕ್ಕ ಅವನಿಗೆ ಮುಟ್ಟೇತಿ.”

“ಪೊಲೀಸ್ರು ಕೇಳಾಕ ಬರೂದಿಲ್ಲೇನ್ರಿ?”

ಶಶಿಕಾಂತ ಕಿಟಕಿಯ ಕಡೆ ನೋಡಿದ. “ಬಂದ್ರ ಬರಬಹುದು. ತಪ್ಪಾತು ಅಂತ ನಾವು ಬರಕೊಟ್ರ ಅದು ನಿಮ್ಮ ಸರ್ವಿಸ್ ಫೈಲಿಗೆ ಹೋಗತೈತಿ. ಸೆಪ್ಟೆಂಬರಿನ ಯಾದ್ಯಾಗ ನಿಮ್ಮ ಹೆಸರು ಇರಂಗಿಲ್ಲ. ವಿಚಾರ ಮಾಡ್ರಿ. ನಾಳೆ ಹೇಳ್ರಿ.”

ಅವನು ಕೆಟ್ಟ ಮನುಷ್ಯನಲ್ಲ. ಹೆದರಿದ ಮನುಷ್ಯ, ಅಷ್ಟೇ. ಹೆದರಿದವನಿಗೆ ಕೈಗೆ ಸಿಕ್ಕ ಮೊದಲ ಬಾಗಿಲೇ ದಾರಿ ಅನ್ನಿಸುತ್ತದೆ. ಇನ್ನು ಗದಿಗೆವ್ವ ತಕ್ಷಣ ಎದ್ದು ನಿಂತು ಅದಾಗುವುದಿಲ್ಲ ಎಂದಳು ಎಂದು ಬರೆದರೆ ನನಗೂ ಚೆಂದ, ನಿಮಗೂ ಚೆಂದ. ಆದರೆ ಅವಳು ಹಾಗೆ ಅನ್ನಲಿಲ್ಲ. ಸಂಜೆಯ ರೈಲಿನಲ್ಲಿ ಕೂತು ಕಿಟಕಿಯ ಪಕ್ಕದ ಟೇಬಲ್ಲನ್ನು ನೆನೆಸಿದಳು. ಯೂಸುಫಣ್ಣನಿಗೆ ಒಂದು ಮಾತು ಹೇಳಿದರೆ ಹೂಂ ಅಂದಾನು, ನಕ್ಕು ಬಿಟ್ಟಾನು ಎಂದೂ ಅಂದುಕೊಂಡಳು. ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿಯುವಾಗ ಅವಳ ಮನಸ್ಸು ಮುಕ್ಕಾಲು ಪಾಲು ಶಶಿಕಾಂತನ ಕಡೆಗೇ ವಾಲಿತ್ತು.

ಪಂಚಮಿ ಎದುರಿಗಿತ್ತು, ಉಂಡಿ ಕಟ್ಟಿಯಾಗಿತ್ತು. ಹಿತ್ತಾಳೆಯ ಡಬ್ಬಿಯ ತುಂಬ ಶೇಂಗಾ ಉಂಡಿ ತುಂಬಿಕೊಂಡು ಅವಳು ಪೇಟೆಯ ಹಿಂದಿನ ಓಣಿಗೆ ಹೋದಳು. ಮೈಮುನಾಬಿ ಅಂಗಳದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ಎಪ್ಪತ್ತನಾಲ್ಕು ವರ್ಷ, ಕಣ್ಣು ಮಂಜು. ಆದರೂ ಮೆಣಸಿನಕಾಯಿಯನ್ನು ಕೈಯಲ್ಲಿ ಮುಟ್ಟಿಯೇ ಇದು ಯಾವ ಸಾಲಿನದು ಎಂದು ಹೇಳುವಳು. ಪಕ್ಕದಲ್ಲಿ ಯೂಸುಫಸಾಬ ಚಾ ಕುಡಿಯುತ್ತಿದ್ದ.

“ಬಾ ಬಾ ಗದಿಗೆವ್ವಾ, ಕುಂದ್ರು,” ಎಂದ ಅವನು. “ಲಗೂ ಬಾಯಿ ಸಿಹಿ ಮಾಡು. ಅಮ್ಮಾನ ಪಾಸ್‌ಪೋರ್ಟಿಂದು ಪೊಲೀಸ್ ವಿಚಾರಣಿ ಮುಗೀತು!”

ಮೈಮುನಾಬಿ ಹಜ್ ಯಾತ್ರೆಗೆ ಹೊರಟಿದ್ದಳು. ಇಪ್ಪತ್ತು ವರ್ಷದಿಂದ ಹೊರಟೇ ಇದ್ದಳು. ಒಮ್ಮೆ ಮಗಳ ಮದುವೆ, ಒಮ್ಮೆ ಗಂಡನ ಕಾಯಿಲೆ, ಒಮ್ಮೆ ಗಿರಣಿಯ ಸಾಲ. ಈ ವರ್ಷ ಮಗ ಜೊತೆಗೆ ಹೋಗುವುದೆಂದು ಗಟ್ಟಿಯಾಗಿತ್ತು. ಹಿಂದಿನ ದಿನ ಠಾಣೆಯಿಂದ ಪೊಲೀಸಪ್ಪ ಬಂದು, ಇದೇ ಚಾಪೆಯ ಮೇಲೆ ಕೂತು, ತಾಯಿ ಮಗನ ವಿಚಾರಣೆ ಬರೆದುಕೊಂಡು ಹೋಗಿದ್ದ. ಆ ಕಾಗದ ಇನ್ನು ಹಾವೇರಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹೋಗಬೇಕಿತ್ತು.

“ಏನೇನ ಬರಕೊಂಡ್ರಮ್ಮಾ?” ಎಂದು ಗದಿಗೆವ್ವ ಕೇಳಿದಳು.

“ಅಯ್ಯ, ಅದನ್ನ ಏನ ಕೇಳ್ತಿ!” ಮೈಮುನಾಬಿ ಬೊಚ್ಚು ಬಾಯಿ ತುಂಬ ನಕ್ಕಳು. “ಕೇಸು ಅದಾವೇನ್ರಿ ಅಂದ, ಇಲ್ಲ. ಜಗಳ? ಇಲ್ಲ. ತಕರಾರು? ಇಲ್ಲ. ಎಲ್ಲಾದಕ್ಕೂ ಏನೂ ಇಲ್ಲ, ಏನೂ ಇಲ್ಲ ಅಂತ ಬರದ ನೋಡವಾ. ಒಂದ ಪುಟ ತುಂಬ ಏನೂ ಇಲ್ಲ! ನನ್ನ ಜನ್ಮದಾಗ ಇಷ್ಟು ಚಂದದ ಕಾಗದ ಯಾರೂ ನನ್ನ ಮ್ಯಾಲೆ ಬರದಿದ್ದಿಲ್ಲ.”

ಯೂಸುಫಸಾಬ ಲೋಟ ಕೆಳಗಿಟ್ಟ. “ಈ ಮುಂಬೈದು ಆದ ಮ್ಯಾಲೆ ಜರಾ ಧಕಧಕ ಅನ್ನಾಕತ್ತಿತ್ತು ಗದಿಗೆವ್ವಾ. ಈಗ ಎಲ್ಲಾ ಕಡೆ ನಮ್ಮ ಹೆಸರು ಎರಡೆರಡ ಸಲ ಓದ್ತಾರ. ಒಂದ ಸಣ್ಣ ಚುಕ್ಕಿ ಇದ್ರೂ ಸಾಕು, ಕಾಗದ ಅಲ್ಲೇ ನಿಲ್ಲತೈತಿ. ಅಮ್ಮಾಗ ಇನ್ನೊಂದು ವರ್ಷ ಕಾಯಾಕ ಆಗತೈತೋ ಇಲ್ಲೋ.” ಕೊನೆಯ ಮಾತನ್ನು ಅವನು ತಾಯಿಗೆ ಕೇಳಿಸದಂತೆ ಹೇಳಿದ.

ಮೈಮುನಾಬಿ ಡಬ್ಬಿಯ ಮುಚ್ಚಳ ತೆಗೆದು, ಉಂಡಿಯನ್ನು ಬೆರಳಲ್ಲಿ ಎಣಿಸಿ, ಈ ಸಲ ಬೆಲ್ಲ ಒಂದು ಕೈ ಹೆಚ್ಚಾಗಿದೆ ಎಂದಳು. ಗದಿಗೆವ್ವ ನಕ್ಕಳು. ಹೇಳಬೇಕೆಂದು ಬಂದ ಮಾತನ್ನು ಹೇಳದೆ ಎದ್ದು ಬಂದಳು. ಓಣಿ ದಾಟುವಷ್ಟರಲ್ಲಿ ಅವಳಿಗೆ ತನ್ನ ಮೇಲೇ ಅಸಹ್ಯ ಬಂತು. ಆ ಮನೆಯ ಸುರಕುಂಬಾ ತಿಂದು ಬೆಳೆದವಳು, ಅದೇ ಮನೆಯ ಹೆಸರನ್ನು ಆ ಕೆಟ್ಟ ಶಬ್ದದ ಪಕ್ಕದಲ್ಲಿ ಬರೆದು ದಿಲ್ಲಿಗೆ ಕಳಿಸುವ ವಿಚಾರಕ್ಕೆ ರೈಲು ಇಳಿಯುವವರೆಗೂ ಜಾಗ ಕೊಟ್ಟಿದ್ದಳು. ಆ ಸಿಟ್ಟಿನಲ್ಲೇ ಅಡುಗೆ ಮಾಡಿದಳು, ಪಲ್ಯಕ್ಕೆ ಉಪ್ಪು ಎರಡು ಸಲ ಬಿತ್ತು.

ಮರುದಿನ ಶಶಿಕಾಂತ ಬರುವ ಮೊದಲೇ ಅವಳು ಕಾಗದ ಬರೆದು ಅವನ ಟೇಬಲ್ಲಿನ ಮೇಲೆ ಇಟ್ಟಿದ್ದಳು. ಕನ್ನಡದಲ್ಲಿ, ತನ್ನ ದುಂಡನೆಯ ಅಕ್ಷರದಲ್ಲಿ. “ಮಾನ್ಯರೆ, ಬ್ಯಾಡಗಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ಯಾವ ಭಯೋತ್ಪಾದನೆಯೂ ಆಗಿಲ್ಲ. ಒಂದು ಎಂದು ಬರೆದವಳು ನಾನು. ಖಾಲಿ ಕಳಿಸಬಾರದೆಂದು ಬರೆದೆ. ಅದು ಲಕ್ಷವೆಂದು ತಿಳಿದಿರಲಿಲ್ಲ. ಆ ಒಂದು ರೂಪಾಯಿಯನ್ನು ನಾನೇ ಹಾಕಿದ್ದೇನೆ, ಫೈಲಿನಲ್ಲಿ ಇದೆ. ಇದರಲ್ಲಿ ಬೇರೆ ಯಾರ ಹೆಸರೂ ಬರಬೇಕಾಗಿಲ್ಲ.”

“ಬಡ್ತಿ ಹೋಗತೈತ್ರಿ,” ಎಂದ ಶಶಿಕಾಂತ.

“ಹೋಗ್ಲಿ ಬಿಡ್ರಿ. ಕಿಟಕಿ ಎಲ್ಲಿ ಓಡಿ ಹೊಕ್ಕೈತಿ? ಆ ಮುದುಕಿ ಪಾಸ್‌ಪೋರ್ಟಿಗೆ ಕಾಯಾಕತ್ತಾಳ ಸಾಹೇಬ್ರ. ಆ ಮನಿ ಹೆಸರಿನ ಮುಂದ ಏನೂ ಇಲ್ಲ ಅಂತ ಬರದಾರ. ಅದು ಹಂಗ ಇರಲಿ.”

ಶಶಿಕಾಂತ ಯೂಸುಫಸಾಬನ ಫೈಲನ್ನು ತಾನೇ ಒಯ್ದು ಕಪಾಟಿನಲ್ಲಿಟ್ಟ. ಗದಿಗೆವ್ವನ ಕಾಗದವನ್ನು ಇಂಗ್ಲಿಷಿಗೆ ಇಳಿಸಲು ಅವನಿಗೆ ಒಂದು ತಾಸು ಹಿಡಿಯಿತು. ಖಾಲಿ ಕಳಿಸಬಾರದು ಎಂಬ ಮಾತಿನ ಹತ್ತಿರ ಮೂರು ಸಲ ಹೊಡೆದು ಹಾಕಿದ. ಕೊನೆಗೆ ಕೆಳಗೆ ತನ್ನದೂ ಒಂದು ಸಾಲು ಸೇರಿಸಿದ, ತಾನು ಓದದೆ ಸಹಿ ಮಾಡಿದ್ದು ಹೌದು ಎಂದು. ಅದನ್ನು ಬರೆದ ಮೇಲೆ ಅವನ ಬೆನ್ನು ನೆಟ್ಟಗಾಯಿತು, ಕೆಳಗಿನ ಹೋಟೆಲಿನಿಂದ ಇಬ್ಬರಿಗೂ ಮಿರ್ಚಿ ಭಜಿ ತರಿಸಿದ.

ಆ ಕಾಗದ ಓದಿ ಹುಬ್ಬಳ್ಳಿಯವರು ಸುಮ್ಮನಾಗಲಿಲ್ಲ. ಸ್ಥಳಕ್ಕೆ ಬಂದು ನೋಡಿ ವರದಿ ಕೊಡುವುದಕ್ಕೆ ಶ್ವೇತಾ ಎಂಬ ಅಧಿಕಾರಿಯನ್ನು ಕಳಿಸಿದರು. ಮೈಸೂರಿನ ಹುಡುಗಿ, ಇಪ್ಪತ್ತೇಳು ವರ್ಷ, ಬ್ರಾಂಚುಗಳಿಂದ ಬಂದ ಫಾರ್ಮುಗಳನ್ನೆಲ್ಲ ಕೂಡಿಸಿ ಮೇಲೆ ಕಳಿಸುವುದು ಅವಳ ಕೆಲಸ. ಮೆಟ್ಟಿಲು ಹತ್ತಿ ಬಂದವಳೇ ಬ್ಯಾಗು ಟೇಬಲ್ಲಿನ ಮೇಲೆ ಕುಕ್ಕಿದಳು.

“ನಿಮ್ಮ ಆ ಒಂದು ಅಂಕಿಯಿಂದ ನಾನು ನಾಲ್ಕು ದಿನ ಊಟ ಮಾಡಿಲ್ಲ, ಗೊತ್ತಾ? ಬೆಂಗಳೂರಿಂದ ಫೋನು, ದಿಲ್ಲಿಯಿಂದ ಫೋನು. ಎಲ್ಲರೂ ಕೇಳೋದು ಒಂದೇ, ವೇರ್ ಈಸ್ ರಾಣೆಬೆನ್ನೂರ್? ಯಾಕೆ ಹೀಗೆ ಬರೆದ್ರಿ?”

ಗದಿಗೆವ್ವ ಹೇಳಿದಳು. ಬಟ್ಟಲು, ಶೇಂಗಾ, ಬೆಲ್ಲದ ಚೂರು, ಎಲ್ಲ. ಶ್ವೇತಾ ಮುಖ ಗಂಟು ಹಾಕಿಕೊಂಡೇ ಕೇಳಿದಳು. ನಾಣ್ಯದ ಲಕೋಟೆ ನೋಡಿದಾಗ ಮಾತ್ರ ಅವಳ ತುಟಿ ಒಮ್ಮೆ ಅಲುಗಿತು. ಆದರೂ ಸ್ಥಳ ನೋಡಲೇಬೇಕು ಎಂದಳು. ಶಶಿಕಾಂತ ಕಾರು ಮಾಡಿಸಿ ಬ್ಯಾಡಗಿಗೆ ಕರೆದುಕೊಂಡು ಹೋದ.

ಪೇಟೆಯ ಗೇಟಿನಲ್ಲಿ ಇಳಿದದ್ದೇ ತಡ, ಶ್ವೇತಾ ಸೀನಲು ಶುರು ಮಾಡಿದಳು. ಹನ್ನೆರಡರವರೆಗೆ ಗದಿಗೆವ್ವ ಎಣಿಸಿದಳು, ಆಮೇಲೆ ಬಿಟ್ಟಳು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಆ ಹುಡುಗಿ ಹಮಾಲ ನಬಿಸಾಬನನ್ನು ನಿಲ್ಲಿಸಿ, ಏಪ್ರಿಲಿನಿಂದ ಜೂನಿನವರೆಗೆ ಇಲ್ಲಿ ಏನಾದರೂ ಭಯಂಕರ ಘಟನೆ ಆಯಿತೇ ಎಂದು ಕೇಳಿದಳು.

“ಆತ್ರಿ ಮೇಡಂ,” ಎಂದ ನಬಿಸಾಬ, ಹೆಗಲ ಮೇಲಿನ ಚೀಲ ಇಳಿಸದೆ. “ಒಂದ ಗೂಳಿ ಬಂದು ಟೆಂಡರ್ ಬರಿಯೋ ಕಟ್ಟಿ ಮ್ಯಾಲೆ ಹತ್ತಿತ್ರಿ. ದಲಾಲ್ರೆಲ್ಲಾ ತಕ್ಕಡಿ ಹಿಂದ ಅಡಗ್ಯಾರ. ಅದು ನಾಕ ಮೆಣಸಿನಕಾಯಿ ತಿಂದು, ತಾನ ಒದರಿಕೋತ ಸ್ಟೇಷನ್ ತನಕ ಓಡಿ ಹೋತ್ರಿ. ಅದಕ್ಕಿಂತ ಭಯಂಕರ ಏನೂ ಆಗಿಲ್ರಿ.”

ಶ್ವೇತಾ ನಗುತ್ತಿದ್ದಾಳೋ ಸೀನುತ್ತಿದ್ದಾಳೋ ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಪುಸ್ತಕದಲ್ಲಿ ಏನೋ ಬರೆದುಕೊಂಡಳು. ರಾಣೆಬೆನ್ನೂರಿಗೆ ತಿರುಗಿ ಬಂದ ಮೇಲೆ ಹೊಸ ಫಾರ್ಮು ತೆಗೆದು ಗದಿಗೆವ್ವನ ಮುಂದೆ ಇಟ್ಟಳು.

“ತಿದ್ದುಪಡಿ ಫಾರ್ಮು. ನಿಮ್ಮ ಕೈಯಿಂದಲೇ ಬರೆಯಿರಿ. ಹನ್ನೊಂದನೇ ಕಾಲಮ್ಮಲ್ಲಿ ಸೊನ್ನೆ. ಪಕ್ಕದಲ್ಲಿ ಹೂವು ಗೀವು ಏನೂ ಬೇಡ.”

ಗದಿಗೆವ್ವ ಪೆನ್ನು ಹಿಡಿದಳು. ಇಪ್ಪತ್ತು ದಿನದ ಹಿಂದೆ ಇದೇ ಜಾಗದಲ್ಲಿ ಅವಳ ಕೈ ನಿಂತಿತ್ತು. ಈಗ ನಿಲ್ಲಲಿಲ್ಲ. ಬ್ಯಾಡಗಿಯ ಅಷ್ಟು ಗೋದಾಮು, ಅಷ್ಟು ಗಿರಣಿ, ಹಮಾಲರು, ತೊಟ್ಟು ಬಿಡಿಸುವ ಹೆಂಗಸರು, ದಿನಾ ಬೆಳಗಿನ ರೈಲು ಹತ್ತುವ ಜನ, ಇವರಲ್ಲಿ ಒಬ್ಬರಿಗೂ ಏನೂ ಆಗಿಲ್ಲ ಎಂದು ತಾನು ಬರೆದುಕೊಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಖುಷಿಯಾಗಿಯೇ ಬರೆದಳು. ಸೊನ್ನೆ ಎಷ್ಟು ದೊಡ್ಡದಾಯಿತೆಂದರೆ ಮೇಲಿನ ಕಾಲಮ್ಮಿನ ಗೆರೆಗೆ ತಾಗಿತು.

ಬಡ್ತಿಯ ಮಾತನ್ನು ಶ್ವೇತಾ ಮುಚ್ಚಿಡಲಿಲ್ಲ. “ನಿಮ್ಮ ಕಾಗದ ಫೈಲಿಗೆ ಹೋಗಲೇಬೇಕು. ಈ ವರ್ಷ ಆಗೋದಿಲ್ಲ. ಮುಂದಿನ ವರ್ಷದ ಯಾದಿಗೆ ನಾನೇ ಬರೆದು ಕಳಿಸ್ತೀನಿ.” ಗದಿಗೆವ್ವ ತಲೆಯಾಡಿಸಿದಳು. ಆಸೆ ಇಟ್ಟದ್ದು ಹೋದಾಗ ನೋವಾಗದೇ ಇರುತ್ತದೆಯೇ, ನೋವಾಯಿತು. ಅದರ ನಡುವೆಯೂ ಅವಳು ಶ್ವೇತಾಳ ಊಟದ ಡಬ್ಬಿಯನ್ನು ತೊಳೆದು, ಅದರ ತುಂಬ ಬ್ಯಾಡಗಿಯ ಖಾರದಪುಡಿ ಹಾಕಿ ಕೊಟ್ಟಳು. ಆ ಹುಡುಗಿ ಮುಚ್ಚಳ ತೆರೆದು ನೋಡುವ ಧೈರ್ಯ ಮಾಡಲಿಲ್ಲ.

ಯೂಸುಫಸಾಬನ ಮನೆಗೆ ಇದೊಂದೂ ಗೊತ್ತಾಗಲಿಲ್ಲ. ಗದಿಗೆವ್ವ ಹೇಳಲಿಲ್ಲ, ಶಶಿಕಾಂತನಿಗೂ ಹೇಳಬೇಡಿರೆಂದು ಆಣೆ ಹಾಕಿದ್ದಳು. ಪಾಸ್‌ಪೋರ್ಟು ಸೆಪ್ಟೆಂಬರಿನಲ್ಲಿ ಬಂತು. ಡಿಸೆಂಬರಿನಲ್ಲಿ ಇಡೀ ಓಣಿ ಸ್ಟೇಷನ್ನಿಗೆ ಹೋಗಿ ತಾಯಿ ಮಗನನ್ನು ಕಳಿಸಿ ಬಂತು. ಮೈಮುನಾಬಿ ಹಿತ್ತಾಳೆಯ ಡಬ್ಬಿಯನ್ನೂ ಜೊತೆಗೆ ಒಯ್ದಳು, ದಾರಿಯಲ್ಲಿ ತಿನ್ನಲು ಗದಿಗೆವ್ವ ಕೊಟ್ಟ ಚಕ್ಕುಲಿ ಅದರಲ್ಲಿತ್ತು.

ಜನವರಿಯಲ್ಲಿ ಅವರು ತಿರುಗಿ ಬಂದ ಮರುದಿನ ಬೆಳಗ್ಗೆ, ರೈಲಿಗೆ ಹೊರಡುವ ಗಡಿಬಿಡಿಯಲ್ಲೇ ಗದಿಗೆವ್ವ ಆ ಮನೆಗೆ ಹೋದಳು. ಮೈಮುನಾಬಿ ಬಿಸಿಲಿಗೆ ಕೂತಿದ್ದಳು, ಕರ್ರಗಾಗಿದ್ದಳು, ಸಣ್ಣಗಾಗಿದ್ದಳು, ಮುಖ ಮಾತ್ರ ತಿಳಿಯಾಗಿತ್ತು. ಡಬ್ಬಿಯ ತುಂಬ ಖರ್ಜೂರ ಹಾಕಿ ಅವಳ ಕೈಗಿಟ್ಟಳು.

“ಅಲ್ಲೆ ಎಲ್ಲಾರ ಹೆಸರು ಹಿಡದು ಬೇಡಿಕೊಂಡೆನವಾ,” ಎಂದಳು ಮುದುಕಿ. “ಯೂಸುಫನ ಗಿರಣಿಗೆ, ಮೊಮ್ಮಕ್ಕಳ ಸಾಲಿ ಓದಿಗೆ, ಮಗಳ ಕಾಲಿನ ಬ್ಯಾನಿಗೆ. ನಿನ್ನ ಹೆಸರು ಬಂತು, ಏನ ಬೇಡಬೇಕು ಅಂತ ತಿಳೀಲಿಲ್ಲ. ಕಡೀಕ, ನಮ್ಮ ಗದಿಗೆವ್ವಗ ಏನೂ ಆಗದಿರಲಿ, ನಮ್ಮ ಓಣಿಗೆ ಏನೂ ಆಗದಿರಲಿ ಅಂತ ಬೇಡಿಕೊಂಡೆ. ಬರೀ ಇಷ್ಟ ಬೇಡಿದ್ಲು ಅಂತ ಸಿಟ್ಟ ಮಾಡಬ್ಯಾಡ ಮತ್ತ.”

ಗದಿಗೆವ್ವ ಮುದುಕಿಯ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ರೈಲಿನ ಸಿಳ್ಳು ಕೇಳಿ, ಡಬ್ಬಿಯನ್ನು ಬಗಲಲ್ಲಿ ಹಿಡಿದುಕೊಂಡು ಓಡಿದಳು.

ಬ್ರಾಂಚಿನಲ್ಲಿ ಅವಳ ಟೇಬಲ್ಲಿನ ಮೇಲೆ, ಕಿಟಕಿಯಿಂದ ದೂರದ ಅದೇ ಟೇಬಲ್ಲಿನ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಫಾರ್ಮು ಬಂದು ಬಿದ್ದಿತ್ತು. ಅವಳು ಶಶಿಕಾಂತನಿಗೆ ಎರಡು ಖರ್ಜೂರ ಕೊಟ್ಟಳು, ತಾನೊಂದು ಬಾಯಿಗೆ ಹಾಕಿಕೊಂಡಳು. ಮೊದಲು ಹನ್ನೊಂದನೆಯ ಕಾಲಮ್ಮಿಗೆ ಹೋಗಿ, ಕಣ್ಣೊರೆಸಿಕೊಂಡು, ಸೊನ್ನೆ ಬರೆದಳು. ಉಳಿದ ಹತ್ತನ್ನು ಆಮೇಲೆ ನಿಧಾನವಾಗಿ ತುಂಬಿದಳು.